ಪೀಜೋ ಡಿಸ್ಕ್ ಬದಲಿಸಬೇಡಿ, ಚುಚ್ಚುವ ಜಾಗ ಬದಲಿಸಿ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿನಲ್ಲಿ ತಂದ ಪೀಜೋ ಡಿಸ್ಕನ್ನು (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಬಿಲ್ಲೆ) ಗಿಟಾರಿಗೆ ಅಂಟಿಸಿದ್ದೀರಿ, ಡಬ್ಬ ಬಡಿದಂಥ ಸದ್ದು ಬರುತ್ತಿದೆ, ಇದಕ್ಕಿಂತ ಒಳ್ಳೆಯ ಡಿಸ್ಕ್ ಯಾವುದು ಅಂತ ಕೇಳಿದ್ದೀರಿ. ಯಾವುದೂ ಬೇಡ. ನಿಮ್ಮ ಡಿಸ್ಕ್ ಸರಿಯಾಗಿಯೇ ಇದೆ.

ಇದೇ ಪ್ರಶ್ನೆ ಹಿಡಿದು ಅದೇ ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದವನು ನಾನು. ನಮ್ಮದು ಹನುಮಂತನಗರ. ಬಡಾವಣೆಯ ಗಣೇಶೋತ್ಸವದಲ್ಲಿ ಭಾವಗೀತೆಗಳಿಗೆ ಗಿಟಾರ್ ನುಡಿಸುವುದಿತ್ತು. ಸೋದರಮಾವ ಕೊಡಿಸಿದ್ದ ಗಿಟಾರಿನ ಬ್ರಿಡ್ಜ್ ಪಕ್ಕ 27 ಮಿ.ಮೀ. ಡಿಸ್ಕೊಂದನ್ನು ಸೂಪರ್ ಗ್ಲೂ ಹಾಕಿ ಅಂಟಿಸಿ, ವೈರನ್ನು ಮೈಕ್‌ಸೆಟ್‌ನವರ ಮಿಕ್ಸರ್‌ಗೆ ನೇರವಾಗಿ ಚುಚ್ಚಿದೆ. ಕೇಳಿದ್ದು ಉಗುರಿನ ಚಟಪಟ ಮಾತ್ರ. ಅವರು ಬಾಸ್ ಏರಿಸಿದರು, ಹಮ್ಮಿಂಗ್ ಎದ್ದಿತು. ವಾಲ್ಯೂಮ್ ಏರಿಸಿದರು, ಸ್ಪೀಕರ್ ಕೂಗತೊಡಗಿತು. ಆ ಸಂಜೆ ಗಿಟಾರಿನ ಮುಂದೆ ಒಂದು ಮೈಕ್ ಇಟ್ಟು ಹೇಗೋ ಮುಗಿಸಿದೆವು.

ಡಿಸ್ಕೇ ಕಳಪೆ ಅಂದುಕೊಂಡೆ. ನನಗೆ ಪೆಟ್ಟು ಕೊಟ್ಟದ್ದು ಆ ಒಂದು ತೀರ್ಮಾನ. ಬೇರೆಯದನ್ನು ಹಾಕಲು ಅದನ್ನು ಕಿತ್ತಾಗ ವಾರ್ನಿಶ್ ಜೊತೆಗೆ ಮರದ ಚಕ್ಕೆಯೂ ಎದ್ದು ಬಂತು. ಹೊಸ ಡಿಸ್ಕ್, ದೊಡ್ಡ ಡಿಸ್ಕ್, ಎರಡು ಡಿಸ್ಕ್, ಏನು ಹಾಕಿದರೂ ಅದೇ ಸದ್ದು. ಕೊನೆಗೆ ಆಂಪ್ಲಿಫೈಯರ್ ರಿಪೇರಿ ಮಾಡುವವರೊಬ್ಬರು, "ಇದನ್ನ ಯಾವುದಕ್ಕೆ ಚುಚ್ತೀರಾ ಸಾರ್?" ಅಂದರು. ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆ ಅದು.

ವಿಷಯ ಇಷ್ಟು. ಹಿತ್ತಾಳೆ ಬಿಲ್ಲೆಯ ಮೇಲಿನ ಆ ಸೆರಾಮಿಕ್ ಪದರ ಕಂಪನಕ್ಕೆ ವೋಲ್ಟೇಜ್ ಕೊಡುತ್ತದೆ, ಆದರೆ ಸರ್ಕ್ಯೂಟ್‌ನ ಲೆಕ್ಕದಲ್ಲಿ ಅದೊಂದು ಕೆಪಾಸಿಟರ್, ಸುಮಾರು 20 ನ್ಯಾನೋಫ್ಯಾರಡ್‌ನದು. ಅದನ್ನು 10 ಕಿಲೋಓಮ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಇರುವ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಸೇರಿಸಿದಿರೋ, ಹೈಪಾಸ್ ಫಿಲ್ಟರ್ ಆಗಿಬಿಡುತ್ತದೆ: ಸುಮಾರು 800 ಹರ್ಟ್ಜ್‌ನಿಂದ ಕೆಳಗೆ ಹೋದಷ್ಟೂ ಸದ್ದು ಸೊರಗುತ್ತದೆ. ಗಿಟಾರಿನ ದಪ್ಪ ತಂತಿಯ ಮೂಲಸ್ವರ 82 ಹರ್ಟ್ಜ್, ಅತಿ ತೆಳು ತಂತಿಯದು 330. ಅಂದರೆ ಬೆರಳಿಡದೆ ಬಿಟ್ಟ ತಂತಿಗಳ ಆರೂ ಮೂಲಸ್ವರಗಳು ಆ ಗೆರೆಯ ಕೆಳಗೇ ಬಿದ್ದವು! ಮೈಕ್ ಇನ್‌ಪುಟ್ ಆದರೆ ಇನ್ನೂ ಕಷ್ಟ, ಅದರ ಇಂಪೀಡೆನ್ಸ್ ಮತ್ತೂ ಕಡಿಮೆ. ಅದೇ ಡಿಸ್ಕನ್ನು 1 ಮೆಗಾಓಮ್‌ನ ಇನ್‌ಪುಟ್‌ಗೆ ಚುಚ್ಚಿ, ಗೆರೆ 8 ಹರ್ಟ್ಜ್‌ಗೆ ಇಳಿಯುತ್ತದೆ, ಬಾಸ್ ಪೂರ್ತಿ ಬರುತ್ತದೆ. ರಿಪೇರಿಯವರು ಇನ್‌ಪುಟ್ ಇಂಪೀಡೆನ್ಸ್ ಹೆಚ್ಚಿರುವ ಗಿಟಾರ್ ಆಂಪ್ ಒಂದಕ್ಕೆ ಚುಚ್ಚಿ ತೋರಿಸಿದಾಗ ನನ್ನ ಹಳೆಯ ಡಿಸ್ಕೇ ತುಂಬಿದ ದನಿಯಲ್ಲಿ ನುಡಿಯಿತು.

ಆದ್ದರಿಂದ ದುಬಾರಿ ಡಿಸ್ಕಿಗೆ ಇಡುವ ದುಡ್ಡಲ್ಲಿ ಬಫರ್ ಕಟ್ಟಿಕೊಳ್ಳಿ, ಅಂದರೆ ಡಿಸ್ಕ್ ಮತ್ತು ಮಿಕ್ಸರ್ ನಡುವೆ ಕೂತು ಡಿಸ್ಕಿಗೆ ಹೆಚ್ಚು ಇಂಪೀಡೆನ್ಸ್ ತೋರಿಸುವ ಪುಟ್ಟ ಸರ್ಕ್ಯೂಟ್. ಟಿಎಲ್‌072 ಐಸಿ, 9 ವೋಲ್ಟ್ ಬ್ಯಾಟರಿ, ಅದರ ವೋಲ್ಟೇಜನ್ನು ಅರ್ಧ ಮಾಡಲು ಒಂದೇ ಓಮ್ ಮೌಲ್ಯದ ಎರಡು ರೆಸಿಸ್ಟರ್, ಇನ್‌ಪುಟ್‌ನಿಂದ ಆ ಅರ್ಧ ವೋಲ್ಟೇಜ್‌ಗೆ 1 ಮೆಗಾಓಮ್ ಅಥವಾ ಹೆಚ್ಚು, ಒಂದೆರಡು ಕೆಪಾಸಿಟರ್. ಎಲ್ಲವೂ ಎಸ್‌ಪಿ ರೋಡಿನಲ್ಲೇ ಸಿಗುತ್ತವೆ. ಬೋರ್ಡ್ ಗಿಟಾರಿನ ಒಳಗೇ ಇರಲಿ. ಡಿಸ್ಕಿನಿಂದ ಅಲ್ಲಿಯವರೆಗೆ ಶೀಲ್ಡೆಡ್ ವೈರ್ ಹಾಕಿ, ಹಿತ್ತಾಳೆಯ ಬದಿ ಗ್ರೌಂಡ್‌ಗೆ ಹೋಗಲಿ. ವೈರ್ ಬೆಸೆದೇ ಬರುವ ಡಿಸ್ಕ್ ಕೊಳ್ಳಿ, ಸೆರಾಮಿಕ್ ಮೇಲೆ ಸೋಲ್ಡರಿಂಗ್ ಐರನ್ ಹೆಚ್ಚು ಹೊತ್ತು ಇಟ್ಟರೆ ಅದು ಹಾಳಾಗುತ್ತದೆ. ಅಂಟಿಸಬೇಕಾದದ್ದು ಒಳಗೆ, ಬ್ರಿಡ್ಜ್‌ನ ಅಡಿ, ತೆಳುವಾದ ಡಬಲ್ ಟೇಪಿನಲ್ಲಿ. ದಯವಿಟ್ಟು ಸೂಪರ್ ಗ್ಲೂ ಮುಟ್ಟಬೇಡಿ.

ಡ್ರಮ್ಸ್ ಜೊತೆ ಜೋರಾಗಿ ನುಡಿಸುವವರಾದರೆ, ಸ್ಟೀಲ್ ತಂತಿಯಿದ್ದರೆ, ಸೌಂಡ್‌ಹೋಲ್‌ಗೆ ಹಾಕುವ ಮ್ಯಾಗ್ನೆಟಿಕ್ ಪಿಕಪ್ (ಸ್ಟೀಲ್ ತಂತಿಯ ಕಂಪನವನ್ನು ಆಯಸ್ಕಾಂತದಿಂದ ಹಿಡಿಯುವ ಸಾಧನ) ತಗೊಳ್ಳಿ. ಪೀಜೋ ಬೇಗ ಕೂಗುತ್ತದೆ. ನೈಲಾನ್ ತಂತಿಗೆ ಮ್ಯಾಗ್ನೆಟಿಕ್ ಕೆಲಸ ಮಾಡುವುದಿಲ್ಲ, ಅಲ್ಲಿ ಪೀಜೋನೇ ಗತಿ.

ಮೊದಲು ಇಷ್ಟು ಮಾಡಿ: ಸ್ನೇಹಿತರ ಗಿಟಾರ್ ಆಂಪ್‌ಗೋ, ಆಡಿಯೋ ಇಂಟರ್‌ಫೇಸಿನ ಹೈ-ಝಡ್ (ಹೆಚ್ಚು ಇಂಪೀಡೆನ್ಸಿನ) ಇನ್‌ಪುಟ್‌ಗೋ ಚುಚ್ಚಿ ದಪ್ಪ ತಂತಿ ಮೀಟಿ. ಬಾಸ್ ಬಂದರೆ ಡಿಸ್ಕ್ ಅಲ್ಲೇ ಇರಲಿ, ಕೀಳಬೇಡಿ.