ಪಿಂಗ್‌ಗೆ ಉತ್ತರವಿದೆ, ಬ್ಯಾಕಪ್‌ಗೆ ಇಲ್ಲ

ಪ್ರಶ್ನೆ: ನಮ್ಮ ಲೆಕ್ಕಪತ್ರ ಕಚೇರಿಯಲ್ಲಿ ಹಳೆಯ ರೂಟರ್‌ನ ಯುಎಸ್‌ಬಿ ಪೋರ್ಟ್‌ಗೆ ಜೋಡಿಸಿದ ಹಾರ್ಡ್ ಡಿಸ್ಕ್‌ಗೆ ಪ್ರತಿ ಸಂಜೆ ಬ್ಯಾಕಪ್ ಆಗುತ್ತಿತ್ತು. ವಿಂಡೋಸ್ 11 ಪ್ರೊ 24ಎಚ್2 ಹಾಕಿಸಿದ ಮೇಲೆ ಅದು ನಿಂತುಹೋಗಿದೆ. ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಆದರೆ ಡ್ರೈವ್ ತೆರೆಯುವುದಿಲ್ಲ. ಎಸ್‌ಎಂಬಿ 1 (ಜಾಲದಲ್ಲಿ ಕಡತ ಹಂಚಿಕೊಳ್ಳುವ ನಿಯಮಾವಳಿ, ಅಂದರೆ ಪ್ರೋಟೋಕಾಲ್‌ನ ಹಳೆಯ ಆವೃತ್ತಿ) ಆನ್ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮಾಡಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಜಡಿದ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ದೋಷದ ಮೂಲಕ. ಆ ದೋಷವನ್ನು ಸರಿಪಡಿಸಲಾಗಿದ್ದರೂ, ದತ್ತಾಂಶವನ್ನು ಗೂಢಲಿಪೀಕರಿಸುವ ವ್ಯವಸ್ಥೆಯೇ ಇಲ್ಲದ ಆ ಹಳೆಯ ಪ್ರೋಟೋಕಾಲ್‌ಗೆ ಗ್ರಾಹಕರ ಲೆಕ್ಕಪತ್ರಗಳನ್ನು ಒಪ್ಪಿಸುವುದು ತರವಲ್ಲ.

ಪಿಂಗ್‌ಗೆ ಉತ್ತರ ಬಂದರೆ ರೂಟರ್ ಜಾಲದಲ್ಲಿದೆ ಎಂದಷ್ಟೇ ತಿಳಿಯುತ್ತದೆ. ಕಡತಗಳ ವಿನಿಮಯ ನಡೆಯುವುದು ಟಿಸಿಪಿ 445ನೇ ಪೋರ್ಟ್‌ನಲ್ಲಿ. ಆದ್ದರಿಂದ ವಿಂಡೋಸ್‌ನಲ್ಲಿ ಆದೇಶಗಳನ್ನು ಬರೆಯುವ ಕಿಟಕಿಯಾದ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ (Test-NetConnection) ಆದೇಶಕ್ಕೆ ರೂಟರ್‌ನ ಐಪಿ ವಿಳಾಸವನ್ನೂ ಈ ಪೋರ್ಟ್ ಸಂಖ್ಯೆಯನ್ನೂ ಕೊಟ್ಟು ಮೊದಲು ಪರೀಕ್ಷಿಸಿ. ದಾರಿ ತೆರೆದಿದ್ದೂ ಡ್ರೈವ್ ತೆರೆಯದಿದ್ದರೆ, ಎರಡು ಯಂತ್ರಗಳ ನಡುವೆ ಪ್ರೋಟೋಕಾಲ್‌ನ ಬಗ್ಗೆ ಒಪ್ಪಂದ ಕುದುರುತ್ತಿಲ್ಲವೆಂದು ತಿಳಿಯಬಹುದು. ಅದು ಎಲ್ಲಿ ಮುರಿಯುತ್ತಿದೆ ಎಂಬುದನ್ನು ದೋಷ ಸಂದೇಶವೇ ಹೇಳುತ್ತದೆ. ಅದನ್ನು ಓದದೆ ಮುಚ್ಚಿಬಿಡುವವರೇ ಹೆಚ್ಚು.

ಈ ಡ್ರೈವ್‌ಗೆ ಎಸ್‌ಎಂಬಿ 1 ಬೇಕು ಎಂದು ಸಂದೇಶ ಬಂದರೆ, ರೂಟರ್‌ಗೆ ಹೊಸ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಇದೆಯೇ, ಅದರಲ್ಲಿ ಎಸ್‌ಎಂಬಿ 2 ಅಥವಾ 3 ಆಯ್ದುಕೊಳ್ಳಲು ಅವಕಾಶವಿದೆಯೇ ಎಂದು ನೋಡಿ. ‘ಗೆಸ್ಟ್’ ಪ್ರವೇಶವನ್ನು ಭದ್ರತಾ ನೀತಿ ತಡೆದಿದೆ ಎಂದಾಗಲೀ, ಕ್ರಿಪ್ಟೋಗ್ರಾಫಿಕ್ ಸಿಗ್ನೇಚರ್ ಸರಿಯಿಲ್ಲ ಎಂದಾಗಲೀ ಬಂದರೆ ಕಾರಣ ಬೇರೆ. 24ಎಚ್2 ಪ್ರೊ ಆವೃತ್ತಿಯು ಪ್ರತಿಯೊಂದು ಎಸ್‌ಎಂಬಿ ಸಂಪರ್ಕಕ್ಕೂ ಡಿಜಿಟಲ್ ಸಹಿಯನ್ನು ಕಡ್ಡಾಯ ಮಾಡಿದೆ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಸಂಪರ್ಕದಲ್ಲಿ ಸಹಿ ಹಾಕಲು ಬೇಕಾದ ಕೀಲಿಯೇ ಹುಟ್ಟುವುದಿಲ್ಲ. ನಿಮ್ಮ ಡಿಸ್ಕ್ ಈವರೆಗೆ ಪಾಸ್‌ವರ್ಡ್ ಕೇಳುತ್ತಿರಲಿಲ್ಲವಾದರೆ ತೊಂದರೆ ಬಹುಶಃ ಇಲ್ಲಿಯೇ ಇದೆ. ರೂಟರ್‌ನಲ್ಲಿ ಬ್ಯಾಕಪ್‌ಗೆಂದೇ ಒಂದು ಬಳಕೆದಾರ ಹೆಸರನ್ನೂ ಪಾಸ್‌ವರ್ಡನ್ನೂ ಸೃಷ್ಟಿಸಿ, ಅವನ್ನೇ ಪಾಸ್‌ವರ್ಡ್‌ಗಳನ್ನು ಉಳಿಸಿಡುವ ವಿಂಡೋಸ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ದಾಖಲಿಸಿ. ಕಂಪ್ಯೂಟರ್ ತೆರೆಯಲು ಬಳಸುವ ಪಿನ್ ಅಲ್ಲಿ ನಡೆಯದು.

ಸಂಪರ್ಕ ಕುದುರಿದ ಮೇಲೆ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪವರ್‌ಶೆಲ್‌ನಲ್ಲಿ ‘ಗೆಟ್-ಎಸ್‌ಎಂಬಿಕನೆಕ್ಷನ್’ (Get-SmbConnection) ಎಂದು ಬರೆದರೆ ಯಾವ ಆವೃತ್ತಿ ಬಳಕೆಯಲ್ಲಿದೆ ಎಂಬುದು ‘ಡಯಲೆಕ್ಟ್’ ಕಾಲಂನಲ್ಲಿ ಕಾಣುತ್ತದೆ. ‘ನೆಟ್‌ವರ್ಕ್’ ಕಿಟಕಿಯಲ್ಲಿ ಡ್ರೈವ್‌ನ ಹೆಸರು ಆಗಲೂ ಕಾಣದಿದ್ದರೆ ಗಾಬರಿಯಾಗಬೇಡಿ. ಆ ಹಳೆಯ ಪಟ್ಟಿ ಎಸ್‌ಎಂಬಿ 1ನ್ನೇ ಅವಲಂಬಿಸಿತ್ತು, ಐಪಿ ವಿಳಾಸ ಬರೆದರೆ ಸಾಕು.

ರೂಟರ್‌ಗೆ ಎಸ್‌ಎಂಬಿ 2 ಬರುವುದೇ ಇಲ್ಲವೆಂದಾದರೆ ಅದರ ಡ್ರೈವ್ ಹಂಚಿಕೆಯನ್ನು ಕೈಬಿಡುವುದೇ ಸರಿ. ಈ ತನಿಖೆ ಮುಗಿಯುವವರೆಗೆ ಕಾಯದೆ, ಇಂದು ಸಂಜೆಯೇ ಬೇರೊಂದು ಡಿಸ್ಕ್‌ ಅನ್ನು ಕಂಪ್ಯೂಟರಿಗೆ ನೇರವಾಗಿ ಜೋಡಿಸಿ ಒಂದು ಬ್ಯಾಕಪ್ ತೆಗೆದಿಡಿ.

ಪ್ರಶ್ನೆ: ಹಗಲಿನಲ್ಲಿ ಝಡ್ ಡ್ರೈವ್ ಸರಿಯಾಗಿ ತೆರೆಯುತ್ತದೆ, ರಾತ್ರಿ ತಾನಾಗಿ ನಡೆಯಬೇಕಾದ ಬ್ಯಾಕಪ್ ಮಾತ್ರ ‘ಪಾತ್ ಸಿಗಲಿಲ್ಲ’ ಎಂದು ನಿಲ್ಲುತ್ತದೆ.
– ಓದುಗರೊಬ್ಬರು, ಶಿರಸಿ

ಉತ್ತರ: ನೆಟ್‌ವರ್ಕ್ ಡ್ರೈವ್‌ಗೆ ಕೊಟ್ಟ ಅಕ್ಷರವು ನೀವು ಲಾಗಿನ್ ಆದ ಅವಧಿಗೆ ಮಾತ್ರ ಸೇರಿದ್ದು, ವಿಂಡೋಸ್‌ನದೇ ಆದ ‘ಸಿಸ್ಟಂ’ ಖಾತೆಯಲ್ಲಿ ನಡೆಯುವ ಬ್ಯಾಕಪ್‌ಗೆ ಅದು ಕಾಣುವುದಿಲ್ಲ. ಅಕ್ಷರದ ಬದಲು \\192.168.1.10\ಬ್ಯಾಕಪ್ ಎಂಬಂತೆ ಪೂರ್ಣ ವಿಳಾಸವನ್ನು ಬರೆದು, ಬಳಕೆದಾರ ಹೆಸರು ಮತ್ತು ಪಾಸ್‌ವರ್ಡನ್ನು ಬ್ಯಾಕಪ್ ತಂತ್ರಾಂಶದಲ್ಲಿಯೇ ಕೊಡಿ. ಆ ವಿಳಾಸ ಬದಲಾಗದಂತೆ ರೂಟರ್‌ನಲ್ಲಿ ಕಾಯ್ದಿರಿಸಿ. ಆಮೇಲೆ 1219 ಸಂಖ್ಯೆಯ ದೋಷ ಬಂದರೆ, ಡ್ರೈವ್ ಹಂಚುತ್ತಿರುವ ಅದೇ ಯಂತ್ರಕ್ಕೆ ಬೇರೊಂದು ಬಳಕೆದಾರ ಹೆಸರಿನಲ್ಲಿ ಈಗಾಗಲೇ ಸಂಪರ್ಕವಿದೆ ಎಂದು ಅರ್ಥ. ಝಡ್ ಅನ್ನು ಕಡಿದುಹಾಕಿ ಮತ್ತೆ ನಡೆಸಿ.