ಗಲಾಟೆ ಬೇಡ ಅಂತ ಪಾಠವನ್ನೇ ಬಿಡೋದಾ?

ಕಳೆದ ಸಂಚಿಕೆಯ ವಿಕಾಸವಾದದ ಲೇಖನ ಓದಿ ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: 'ಲೇಖನ ಚೆನ್ನಾಗಿತ್ತು. ಆದರೆ ಪಠ್ಯದಿಂದ ತೆಗೆದ ವಿಷಯವನ್ನು ಪತ್ರಿಕೆಯವರು ಮತ್ತೆ ಕೆದಕುವುದೇಕೆ? ಪೋಷಕರು ಜಗಳಕ್ಕೆ ಬರುತ್ತಾರೆ. ಬೇಕಾದವರು ಮುಂದೆ ಓದಿಕೊಳ್ಳುತ್ತಾರೆ. ಅಷ್ಟಕ್ಕೂ ಮಂಗ ಮನುಷ್ಯನಾಗಿದ್ದನ್ನು ಕಂಡವರು ಯಾರು?'

ಮೇಷ್ಟ್ರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಶಾಲೆಯ ಗೇಟಿನಲ್ಲಿ ನಿಂತು ಪೋಷಕರಿಗೆ ಉತ್ತರ ಕೊಡಬೇಕಾದವರು ನೀವು, ನಾನಲ್ಲ. ವಿಜ್ಞಾನ ಬರೆಯುವ ಕೆಲವರಿಗೆ ಭಕ್ತರನ್ನು ಚುಚ್ಚದೆ ಒಂದು ಪ್ಯಾರಾ ಮುಗಿಸಲು ಆಗುವುದಿಲ್ಲ, ಅದೂ ನಿಜ. ಇಷ್ಟು ಒಪ್ಪಿಕೊಂಡೆ. ಇನ್ನು ಸ್ವಲ್ಪ ಜಗಳ ಆಡೋಣ.

ಮುಂದೆ ಓದಿಕೊಳ್ಳುವವರು ಯಾರು? 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ವಿಕಾಸ' ಎಂದಿದ್ದ ಪಾಠ ಬರೀ 'ಅನುವಂಶೀಯತೆ' ಆಯಿತು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸಿದ್ದು ಅಂದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಅಂತಲೂ ಅಂದರು. ಹಾಗಾದರೆ ಕಾಮರ್ಸ್, ಆರ್ಟ್ಸ್, ಐಟಿಐಗೆ ಹೋಗುವ ಮಕ್ಕಳ ಗತಿ? 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿದ ಬಹಿರಂಗ ಪತ್ರದ ತಕರಾರೂ ಹೆಚ್ಚುಕಡಿಮೆ ಇದೇ ಆಗಿತ್ತು.

ಸುಮ್ನಿದ್ದರೆ ಏನಾಗುತ್ತದೆ ಅಂತ ಅಮೆರಿಕ ನೋಡಿ ತಿಳಿಯಬೇಕು. 1925ರಲ್ಲಿ ಟೆನೆಸಿ ರಾಜ್ಯದ ಡೇಟನ್‌ನಲ್ಲಿ ಜಾನ್ ಸ್ಕೋಪ್ಸ್ ಎಂಬ ಮೇಷ್ಟ್ರಿಗೆ ವಿಕಾಸವಾದ ಕಲಿಸಿದ್ದಕ್ಕೆ 100 ಡಾಲರ್ ದಂಡ ಬಿತ್ತು. ಅದನ್ನು ಕಲಿಸಬಾರದು ಎಂಬ ಅಲ್ಲಿನ ಕಾನೂನನ್ನು ದೊಡ್ಡ ಪತ್ರಿಕೆಗಳು ಗೇಲಿ ಮಾಡಿದವು. ದಂಡವೂ ಮುಂದೆ ರದ್ದಾಯಿತು. ಆದರೆ ಪಠ್ಯಪುಸ್ತಕದ ಪ್ರಕಾಶಕರು ವ್ಯಾಪಾರ ಕೆಡಬಾರದು ಅಂತ ವಿಕಾಸದ ಪುಟಗಳನ್ನು ಸದ್ದಿಲ್ಲದೆ ಕಡಿಮೆ ಮಾಡುತ್ತಾ ಹೋದರು. 1957ರಲ್ಲಿ ರಷ್ಯಾದವರು ಸ್ಪುಟ್ನಿಕ್ ಉಪಗ್ರಹ ಹಾರಿಸಿ, ವಿಜ್ಞಾನದಲ್ಲಿ ಅಮೆರಿಕ ಹಿಂದೆ ಬಿತ್ತು ಅಂತ ಹೆದರಿಸಿದ ಮೇಲೆಯೇ ಆ ಪಾಠಕ್ಕೆ ಮತ್ತೆ ಜೀವ ಬಂದದ್ದು. ಕೋರ್ಟಿಗಿಂತ ಜಾಸ್ತಿ ಹಾನಿ ಮಾಡಿದ್ದು ಈ ಪುಕ್ಕಲುತನ.

ಇನ್ನು 'ಕಂಡವರು ಯಾರು' ಎಂಬ ಪ್ರಶ್ನೆ. 2018ರಲ್ಲಿ ಕೇಂದ್ರದ ಮಂತ್ರಿಯೊಬ್ಬರೂ ಇಂಥದ್ದೇ ಮಾತಾಡಿದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಕೊಡಬೇಕಾಯಿತು. ಈಗಿನ ಮಂಗ ನಮ್ಮ ಅಜ್ಜನಲ್ಲ ಮೇಷ್ಟ್ರೇ, ದಾಯಾದಿ. ಕಣ್ಣಾರೆ ಕಾಣಲೇಬೇಕು ಅಂದರೆ ಅಮೆರಿಕದ ವಿಜ್ಞಾನಿ ರಿಚರ್ಡ್ ಲೆನ್‌ಸ್ಕಿ 1988ರಲ್ಲಿ ಹನ್ನೆರಡು ಫ್ಲಾಸ್ಕ್‌ಗಳಲ್ಲಿ ಶುರು ಮಾಡಿದ ಇ. ಕೋಲಿ ಬ್ಯಾಕ್ಟೀರಿಯಾದ ಪ್ರಯೋಗ ಇದೆ. ದಿನಾ ನೂರರಲ್ಲಿ ಒಂದು ಪಾಲು ಹೊಸ ಫ್ಲಾಸ್ಕಿಗೆ. ಆಗಾಗ ಒಂದಿಷ್ಟು ಫ್ರೀಜರಿಗೆ. ಸುಮಾರು 31,500 ತಲೆಮಾರು ಕಳೆದ ಮೇಲೆ ಒಂದು ಫ್ಲಾಸ್ಕಿನ ಬ್ಯಾಕ್ಟೀರಿಯಾ, ಆಮ್ಲಜನಕ ಇರುವಾಗ ತನ್ನ ಜಾತಿ ಮುಟ್ಟದ ಸಿಟ್ರೇಟ್ ಎಂಬ ನಿಂಬೆಹುಳಿಯ ಲವಣವನ್ನು ತಿನ್ನತೊಡಗಿತು. ಫ್ರೀಜರಿನಲ್ಲಿದ್ದ ಪೂರ್ವಜರನ್ನೇ ಮತ್ತೆ ಬೆಳೆಸಿ, ಇದು ಹೇಗಾಯಿತು ಅಂತ ಹುಡುಕಿದರು.

ಬ್ಯಾಕ್ಟೀರಿಯಾ ಬೇಡವೇ? ನಮ್ಮ ದೇಶದ್ದೇ ಒಂದು ಕಥೆ ಹೇಳುತ್ತೇನೆ. ಎ. ರಂಗರಾವ್ ಎಂಬ ಭೂವಿಜ್ಞಾನಿ ಜಮ್ಮು-ಕಾಶ್ಮೀರದಲ್ಲಿ ಪಳೆಯುಳಿಕೆಯ ಕಲ್ಲುಗಳನ್ನು ಆಯ್ದು ತಂದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅವು ಅವರ ಪತ್ನಿಯಿಂದ ಹಾನ್ಸ್ ಥೆವಿಸನ್ ಎಂಬ ವಿಜ್ಞಾನಿಯ ಕೈ ಸೇರಿದವು. ಕಲ್ಲು ಬಿಡಿಸುವಾಗ ಒಂದು ತಲೆಬುರುಡೆ ಕೈತಪ್ಪಿ ಮುರಿಯಿತು. ಒಳಗೆ ನೋಡಿದರೆ ಕಿವಿಯ ಎಲುಬಿನ ಗೋಡೆ ಒಂದು ಕಡೆ ದಪ್ಪ, ಥೇಟ್ ತಿಮಿಂಗಿಲದ್ದು! ಪ್ರಾಣಿ ಮಾತ್ರ ಹೆಚ್ಚುಕಡಿಮೆ ಬೆಕ್ಕಿನ ಗಾತ್ರದ, ಗೊರಸಿನ ಜಾತಿಯದು. ಸುಮಾರು 4.8 ಕೋಟಿ ವರ್ಷ ಹಳೆಯದು. ಕಾಲಿನ ಎಲುಬು ನೀರಿನಲ್ಲಿ ಓಡಾಡುವ ಪ್ರಾಣಿಗಳಿಗೆ ಇರುವಂತೆ ದಪ್ಪ, ಭಾರ. ಹೆಸರು ಇಂಡೋಹಯಸ್. ತಿಮಿಂಗಿಲಕ್ಕೆ ತೀರಾ ಹತ್ತಿರದ ನೆಂಟ ಅಂತ 2007ರಲ್ಲಿ ಪ್ರಕಟವಾಯಿತು.

ಇಂಥ ಕಥೆ ಕೈಯಲ್ಲಿಟ್ಟುಕೊಂಡು ನಾವು ಮಕ್ಕಳಿಗೆ ತೋರಿಸುವುದು ಏನನ್ನು? ಬಗ್ಗಿದ ಮಂಗ ಸಾಲಿನ ಕೊನೆಗೆ ನೆಟ್ಟಗಾಗುವ ಅದೇ ಹಳೆಯ ಚಿತ್ರ. ನಿಮ್ಮ ಪ್ರಶ್ನೆ ಹುಟ್ಟಿದ್ದೂ ಆ ಚಿತ್ರದಿಂದಲೇ ಇರಬೇಕು. ಮಗು ಏನಾದರೂ ಕೇಳಿದರೆ 'ಪರೀಕ್ಷೆಯ ಬ್ಲೂಪ್ರಿಂಟ್‌ನಲ್ಲಿ ಇಲ್ಲ, ಬಿಡು' ಅನ್ನುತ್ತೇವೆ. ನಮ್ಮ ಕಸುಬಿನವರೇನು ಸಾಚಾ ಅಲ್ಲ. ರಾಶಿಫಲಕ್ಕೆ ದಿನಾ ಜಾಗ ಇರುತ್ತದೆ. ವಿಜ್ಞಾನದ ಅಂಕಣವಾದರೆ, ಜಾಹೀರಾತು ಬಂತು ಅಂತ ಮೊದಲು ಕಿತ್ತುಹಾಕುವುದು ಅದನ್ನೇ. ಆಮೇಲೆ ಜನರಿಗೆ ವಿಜ್ಞಾನ ಗೊತ್ತಿಲ್ಲ ಅಂತ ಸಂಪಾದಕೀಯ ಬೇರೆ!

ಮುಂದಿನ ಸಂಚಿಕೆಯಲ್ಲಿ ಇಂಡೋಹಯಸ್ ಚಿತ್ರವನ್ನು ಪುಟ ತುಂಬ ಹಾಕುತ್ತೇವೆ. ಕತ್ತರಿಸಿ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿ. ಪಠ್ಯದಲ್ಲಿ ಇಲ್ಲದ್ದನ್ನು ಯಾಕೆ ಹಾಕಿದಿರಿ ಅಂತ ಹೆಡ್‌ಮಾಸ್ಟರು ಕೇಳಿದರೆ ನನ್ನ ವಿಳಾಸ ಕೊಡಿ. ಅವರಿಗೂ ಇಷ್ಟೇ ಉದ್ದದ ಉತ್ತರ ಬರೆಯುತ್ತೇನೆ.

– ಸಂ.