ಹೂವೋ, ಎರಡೆಲೆಯೋ: ಗೋವಾದ 1967ರ ಮತದಾನದ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಮೇಡಂ, ಗೋವಾದ ಮಾತು ಬಂದಾಗಲೆಲ್ಲ ನಮ್ಮ ಅಜ್ಜ “ಅವತ್ತು ಹೂವು ಗೆದ್ದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು” ಎನ್ನುತ್ತಿದ್ದರು. ಯಾವ ಹೂವು ಅದು?
(ಕಾರವಾರದ ಓದುಗರು)

1967ರ ಜನವರಿ 16ರಂದು ಗೋವಾದ ಮತದಾರರ ಕೈಗೆ ಕೊಟ್ಟ ಚೀಟಿಯಲ್ಲಿ ಎರಡೇ ಚಿಹ್ನೆಗಳಿದ್ದವು. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕು ಎನ್ನುವವರಿಗೆ ಹೂವು, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕು ಎನ್ನುವವರಿಗೆ ಎರಡು ಎಲೆ. ನಿಮ್ಮ ಅಜ್ಜ ಹೇಳುತ್ತಿದ್ದುದು ಆ ಹೂವಿನ ಮಾತು.

ಪೋರ್ಚುಗೀಸರ 451 ವರ್ಷಗಳ ಆಳ್ವಿಕೆ ಮುಗಿದದ್ದು 1961ರ ಡಿಸೆಂಬರ್ 19ರಂದು. ಎರಡು ವರ್ಷದ ಬಳಿಕ ನಡೆದ ಮೊದಲ ಚುನಾವಣೆಯಲ್ಲಿ ದಯಾನಂದ ಬಾಂದೋಡ್ಕರ್ ಅವರ ಮಹಾರಾಷ್ಟ್ರವಾದಿ ಗೋಮಂತಕ ಪಕ್ಷ ಅಧಿಕಾರಕ್ಕೆ ಬಂತು. ವಿಲೀನವೇ ಅದರ ಮುಖ್ಯ ಗುರಿ. ಗೋವಾದ ಪ್ರತ್ಯೇಕತೆ ಉಳಿಯುತ್ತದೆಂದು ನೆಹರೂ ಭರವಸೆ ಕೊಟ್ಟಿದ್ದರು. 1964ರಲ್ಲಿ ಅವರು ತೀರಿಕೊಂಡ ಮೇಲೆ ಒತ್ತಡ ಹೆಚ್ಚಿ, 1965ರ ಜನವರಿಯಲ್ಲಿ ಗೋವಾ ವಿಧಾನಸಭೆ ವಿಲೀನದ ನಿರ್ಣಯವನ್ನೂ ಅಂಗೀಕರಿಸಿತು. ವಿರೋಧ ಪಕ್ಷವಾದ ಯುನೈಟೆಡ್ ಗೋವನ್ಸ್‌ನ ಜ್ಯಾಕ್ ಸಿಕ್ವೇರಾ ಮಾತ್ರ ಪಟ್ಟು ಬಿಡಲಿಲ್ಲ. ಐದು ವರ್ಷಕ್ಕೆ ಸರ್ಕಾರ ಆರಿಸುವುದು ಬೇರೆ, ನಾಡಿನ ಅಸ್ತಿತ್ವವನ್ನೇ ತೀರ್ಮಾನಿಸುವುದು ಬೇರೆ, ಇದನ್ನು ಜನರನ್ನೇ ನೇರವಾಗಿ ಕೇಳಿ ಎಂಬುದು ಅವರ ವಾದ. ಗೋವಾ ಕಾಂಗ್ರೆಸ್ಸಿನ ಪುರುಷೋತ್ತಮ ಕಾಕೋಡ್ಕರ್ ದೆಹಲಿಯಲ್ಲಿ ಕುಳಿತು ಇದೇ ಮಾತನ್ನು ಒಪ್ಪಿಸಲು ಶ್ರಮಿಸಿದರು. 1966ರ ಡಿಸೆಂಬರಿನಲ್ಲಿ ಸಂಸತ್ತು ಕಾಯ್ದೆ ಮಾಡಿತು. ಅಧಿಕಾರದಲ್ಲಿದ್ದವರೇ ಮತದಾನ ನಡೆಸಿದರೆ ನ್ಯಾಯವಾಗದು ಎಂಬ ಕೂಗಿಗೆ ಮಣಿದು ಬಾಂದೋಡ್ಕರ್ ಸರ್ಕಾರ ಅದೇ ತಿಂಗಳು ರಾಜೀನಾಮೆ ಕೊಟ್ಟಿತು. ತಾವು ಸೋಲಬಹುದಾದ ಮತದಾನಕ್ಕಾಗಿ ಕುರ್ಚಿ ಬಿಟ್ಟಿಳಿದ ಆ ನಡೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಮತದಾರರ ಪಟ್ಟಿಯಲ್ಲಿದ್ದವರು 3,88,432. ಮತ ಹಾಕಿದವರು 3,17,633. ಎರಡೆಲೆಗೆ 1,72,191, ಹೂವಿಗೆ 1,38,170. ಅಂತರ 34,021.

ಪ್ರಶ್ನೆ: ಕ್ರೈಸ್ತರೆಲ್ಲ ಎರಡೆಲೆಗೆ, ಹಿಂದೂಗಳೆಲ್ಲ ಹೂವಿಗೆ ಹಾಕಿದರು ಎಂದು ಕೇಳಿದ್ದೇನೆ. ಹೌದೇ?
(ಮಂಗಳೂರಿನ ಓದುಗರು)

ಲೆಕ್ಕವೇ ಇದನ್ನು ಒಪ್ಪುವುದಿಲ್ಲ. ಆಗ ಗೋವಾದಲ್ಲಿ ಕ್ರೈಸ್ತರು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಿದ್ದರು, ಅಷ್ಟೆ. ಹಿಂದೂಗಳ ಮತ ದೊಡ್ಡ ಸಂಖ್ಯೆಯಲ್ಲಿ ಬೀಳದಿದ್ದರೆ ಎರಡೆಲೆ ಗೆಲ್ಲುವ ಮಾತೇ ಇರಲಿಲ್ಲ. ಕ್ರೈಸ್ತರೇ ಹೆಚ್ಚಿದ್ದ ಸಾಸಷ್ಟಿ ತಾಲ್ಲೂಕು ಎರಡೆಲೆಗೆ ಭಾರಿ ಮುನ್ನಡೆ ಕೊಟ್ಟದ್ದೂ, ಪೆಡ್ಣೆ, ಬಿಚೋಲಿಯ ಕಡೆ ಹೂವು ಅರಳಿದ್ದೂ ನಿಜ. ಆದರೆ ಆ ಹಿಂದೂ ಮತಗಳನ್ನು ಒಲಿಸಿಕೊಂಡ ಕೆಲಸ ನೋಡಿ. ಮಡಗಾವಿನಿಂದ ಹೊರಡುತ್ತಿದ್ದ ‘ರಾಷ್ಟ್ರಮತ’ ಮರಾಠಿ ಪತ್ರಿಕೆ. ಉದಯ ಭೆಂಬ್ರೆ ಅದರ ಅಂಕಣದಲ್ಲಿ ವಿಲೀನ ಬೇಡವೆಂದು ಮರಾಠಿಯಲ್ಲೇ ವಾದಿಸಿದರು, ಮರಾಠಿ ಓದುವವರಿಗೆ ಮುಟ್ಟಲಿ ಎಂದು. ಉಲ್ಹಾಸ್ ಬುಯಾಂವ್ ಊರೂರಿಗೆ ಹೋಗಿ ಕೊಂಕಣಿಯಲ್ಲಿ ಹಾಡಿದರು. “ಆಮ್ಚೆಂ ಗೊಂಯ್ ಆಮ್ಕಾಂ ಜಾಯ್”, ನಮ್ಮ ಗೋವಾ ನಮಗೆ ಬೇಕು ಎಂಬ ಘೋಷಣೆ ಗಡಿ ದಾಟಿ ನಮ್ಮ ಮಾಜಾಳಿಗೂ ಬಂದಿತ್ತು.

ಹೂವಿಗೆ ಹಾಕಿದವರನ್ನು ಭಾಷಾಭಿಮಾನ ಇಲ್ಲದವರು ಎಂದು ಜರೆಯುವ ರೂಢಿಯೂ ಇದೆ. ನಾನು ಅದನ್ನು ಒಪ್ಪುವುದಿಲ್ಲ. ನನ್ನ ಅತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ಗಡಿಯಾಚೆಯ ಲೋಲಿಯೆಗೆ ಕೊಟ್ಟಿದ್ದರು. ಅವರು ಮುಂಡ್ಕಾರರು. ಭಾಟ್ಕಾರನ ತೆಂಗಿನ ತೋಟದೊಳಗೆ ಮನೆ. ನೆಲ ಭಾಟ್ಕಾರನದು, ಗೋಡೆಯಷ್ಟೇ ಇವರದು. ಕರೆದಾಗ ಕೆಲಸಕ್ಕೆ ಹೋಗಬೇಕು, ಎಬ್ಬಿಸಿದರೆ ಎದ್ದು ನಡೆಯಬೇಕು. ಆಡುವುದು ಅಪ್ಪಟ ಕೊಂಕಣಿ, ಮತ ಹಾಕಿದ್ದು ಹೂವಿಗೆ. “ಮುಂಬೈ ಸರ್ಕಾರ ಬಂದರೆ ಈ ಭಾಟ್ಕಾರನ ಕಾಟ ತಪ್ಪೀತು ಅಂತ ಹಾಕಿದೆ ಬಾಯೆ” ಎಂದು ಅತ್ತೆ ನನಗೆ ಹೇಳಿದ್ದರು. ಬಹುಜನ ಸಮಾಜದ ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕಾಚಾರವಿತ್ತು. ಮುಂದೆ ಮುಂಡ್ಕಾರರಿಗೆ ರಕ್ಷಣೆ ಕೊಟ್ಟ 1975ರ ಕಾಯ್ದೆಯನ್ನು ಮಾಡಿದ್ದು ಗೋವಾದ ವಿಧಾನಸಭೆಯೇ. ಆಗ ಮುಖ್ಯಮಂತ್ರಿಯಾಗಿದ್ದವರು ಬಾಂದೋಡ್ಕರ್ ಮಗಳು ಶಶಿಕಲಾ ಕಾಕೋಡ್ಕರ್.

ಪ್ರಶ್ನೆ: ಮೈಸೂರು ರಾಜ್ಯಕ್ಕೆ ಸೇರುವ ಆಯ್ಕೆ ಇತ್ತೇ?
(ಶಿರಸಿಯ ಓದುಗರು)

ಇರಲಿಲ್ಲ. ಸ್ವಂತ ರಾಜ್ಯವಾಗುವ ಆಯ್ಕೆಯೂ ಇರಲಿಲ್ಲ. ಹಾಗಿದ್ದೂ ನಮ್ಮ ಕಡೆಯವರು ಉಸಿರು ಬಿಗಿಹಿಡಿದು ಕಾದದ್ದಕ್ಕೆ ಕಾರಣವಿದೆ. 1966ರ ಅಕ್ಟೋಬರಿನಲ್ಲಷ್ಟೇ ಮೈಸೂರು, ಮಹಾರಾಷ್ಟ್ರಗಳ ಗಡಿ ವಿವಾದ ಪರಿಶೀಲಿಸಲು ಮಹಾಜನ ಆಯೋಗ ನೇಮಕವಾಗಿತ್ತು. ಬೆಳಗಾವಿಯ ಜೊತೆಗೆ ಕಾರವಾರ, ಸೂಪಾ, ಹಳಿಯಾಳವೂ ಬೇಕೆಂದು ಮಹಾರಾಷ್ಟ್ರ ಕೇಳುತ್ತಿತ್ತು. ಗೋವಾ ವಿಲೀನವಾಗಿದ್ದರೆ ನಮ್ಮ ಗಡಿಗೆ ತಾಗಿದ ಪೋಳೆಯವರೆಗೂ ಮಹಾರಾಷ್ಟ್ರವೇ ಬಂದು ನಿಲ್ಲುತ್ತಿತ್ತು.

ಪ್ರಶ್ನೆ: ಗೋವಾದವರನ್ನು ಕೇಳಿದಂತೆ ಬೆಳಗಾವಿಯ ಜನರನ್ನೂ ಕೇಳಿ ಗಡಿ ವಿವಾದ ಮುಗಿಸಬಹುದಲ್ಲ?
(ಬೆಳಗಾವಿಯ ಓದುಗರು)

ಈ ಪ್ರಶ್ನೆಯನ್ನು ತರಗತಿಯಲ್ಲೂ ಮಕ್ಕಳು ಕೇಳುತ್ತಿದ್ದರು. ಕೇಳಿದರೆ ಸರಳ, ಮಾಡಹೊರಟರೆ ಮೊದಲ ಹೆಜ್ಜೆಯಲ್ಲೇ ತೊಡಕು. ಗೋವಾದ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಜಗಳ ಯಾರಿಗೂ ಇರಲಿಲ್ಲ. ಆ ಎಲ್ಲೆಯೊಳಗೆ ಇರುವವರು ಮತದಾರರು, ಅಷ್ಟೆ. ಹೊರಗೆ ದುಡಿಯುತ್ತಿದ್ದ ಗೋವಾದವರಿಗೂ ಮತ ಕೊಡಿ ಎಂದು ಸಿಕ್ವೇರಾ ಕೇಳಿದ್ದರು, ಅದನ್ನು ಒಪ್ಪಲಿಲ್ಲ. ಬೆಳಗಾವಿಯಲ್ಲಿ ಯಾರನ್ನು ಕೇಳುವುದು? ನಗರವನ್ನೋ, ತಾಲ್ಲೂಕನ್ನೋ, ಜಿಲ್ಲೆಯನ್ನೋ, ಒಂದೊಂದೇ ಹಳ್ಳಿಯನ್ನೋ? ಎಲ್ಲೆ ಎಳೆದ ರೀತಿಯೇ ಫಲಿತಾಂಶವನ್ನು ಬರೆದುಬಿಡುತ್ತದೆ, ಆದ್ದರಿಂದ ಎಳೆಯುವುದಕ್ಕೇ ಜಗಳ ಶುರುವಾಗುತ್ತದೆ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ ಎರಡೂ ಆಡುವ ಮನೆಗಳಿರುವಲ್ಲಿ ಅಂಥ ಮತದಾನ ನೆರೆಹೊರೆಯನ್ನೇ ಸೀಳುತ್ತದೆ ಎಂಬ ಭಯ ನನ್ನದು.

ಮಹಾಜನ ಆಯೋಗ 1967ರಲ್ಲಿ ಬೆಳಗಾವಿ ಮೈಸೂರಿನಲ್ಲೇ ಇರಲಿ ಎಂದಿತು. 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಕೊಟ್ಟು 247 ಹಳ್ಳಿಗಳನ್ನು ಪಡೆಯುವಂತೆ ಸೂಚಿಸಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿಗೆ ಹೋಯಿತು.

ಪ್ರಶ್ನೆ: ವಿಲೀನ ಸೋತ ಮೇಲೆ ಬಾಂದೋಡ್ಕರ್ ಮತ್ತೆ ಮುಖ್ಯಮಂತ್ರಿಯಾದದ್ದು ಹೇಗೆ?
(ಹುಬ್ಬಳ್ಳಿಯ ವಿದ್ಯಾರ್ಥಿನಿ)

ಒಳ್ಳೆಯ ಪ್ರಶ್ನೆ ತಂಗಿ, ಗೋವಾದ ಮತದಾರರ ಬಗ್ಗೆ ನನಗಿರುವ ಅಭಿಮಾನಕ್ಕೆ ಇದೇ ಮುಖ್ಯ ಕಾರಣ. ಜನವರಿಯಲ್ಲಿ ವಿಲೀನ ಬೇಡ ಎಂದ ಜನರೇ ಮಾರ್ಚಿನ ಚುನಾವಣೆಯಲ್ಲಿ ಬಾಂದೋಡ್ಕರ್ ಪಕ್ಷವನ್ನು ಮತ್ತೆ ಗೆಲ್ಲಿಸಿದರು. ನಾಡು ಏನಾಗಬೇಕು ಎಂಬುದಕ್ಕೆ ಒಂದು ಉತ್ತರ, ಯಾರು ಆಳಬೇಕು ಎಂಬುದಕ್ಕೆ ಇನ್ನೊಂದು. ಸಿಕ್ವೇರಾ ಬೇಡಿದ್ದೂ ಈ ಎರಡನ್ನು ಬೇರ್ಪಡಿಸಿ ಎಂದೇ ಅಲ್ಲವೇ?

ನಿಮ್ಮ ಪಠ್ಯದಲ್ಲಿ ಜುನಾಗಢದ ಮತದಾನವೂ ಬಂದಿರಬಹುದು. ಅಲ್ಲಿ 1948ರಲ್ಲಿ ಸುಮಾರು 1,90,000 ಮಂದಿ ಮತ ಹಾಕಿದಾಗ ಪಾಕಿಸ್ತಾನದ ಪರ ಬಿದ್ದದ್ದು 91. ಸಿಕ್ಕಿಮಿನಲ್ಲಿ 1975ರಲ್ಲಿ ಭಾರತಕ್ಕೆ ಸೇರುವ ಪರ 59,637, ವಿರುದ್ಧ 1,496. ಅಲ್ಲಿ ಫಲಿತಾಂಶ ಮೊದಲೇ ಗೊತ್ತಿತ್ತು. ಗೋವಾದಲ್ಲಿ ಎಣಿಕೆ ಮುಗಿಯುವವರೆಗೂ ಎರಡೂ ಕಡೆಯವರಿಗೆ ಆಸೆಯಿತ್ತು, ಸೋತವರು ಬಳಿಕ ಅದೇ ಗೋವಾವನ್ನು ಆಳಿದರು.

ರಾಜ್ಯದ ಸ್ಥಾನಮಾನಕ್ಕೆ ಇನ್ನೂ 20 ವರ್ಷ ಕಾಯಬೇಕಾಯಿತು. 1987ರ ಫೆಬ್ರವರಿಯಲ್ಲಿ ಕೊಂಕಣಿ ಅಧಿಕೃತ ಭಾಷೆಯಾಯಿತು, ಮೇ 30ರಂದು ಗೋವಾ ರಾಜ್ಯವಾಯಿತು. ಜನವರಿ 16ನ್ನು ಅಲ್ಲಿ ಅಸ್ಮಿತಾಯ್ ದಿಸ್, ಅಂದರೆ ಅಸ್ಮಿತೆಯ ದಿನ ಎಂದು ಆಚರಿಸುತ್ತಾರೆ.

ಪ್ರಶ್ನೆ: ಆಗ ದಮನ್, ದಿಯು ಜನರನ್ನೂ ಕೇಳಿದರೇ?
(ಕುಮಟಾದ ಓದುಗರು)

ಕೇಳಿದರು. ಗೋವಾದ ಜೊತೆಯಲ್ಲೇ ಅವರಿಗೂ ಮತದಾನ ನಡೆಯಿತು, ಪ್ರಶ್ನೆ ಮಾತ್ರ ಗುಜರಾತಿಗೆ ಸೇರುವಿರಾ ಎಂದು. ಅವರೂ ಕೇಂದ್ರಾಡಳಿತವೇ ಇರಲಿ ಎಂದರು. 1987ರಲ್ಲಿ ಗೋವಾ ರಾಜ್ಯವಾದಾಗ ದಮನ್ ಮತ್ತು ದಿಯು ಬೇರೆ ಕೇಂದ್ರಾಡಳಿತ ಪ್ರದೇಶವಾಯಿತು. 2020ರ ಜನವರಿ 26ರಂದು ಅದನ್ನು ದಾದ್ರಾ ಮತ್ತು ನಗರ್ ಹವೇಲಿಯ ಜೊತೆ ಸೇರಿಸಿ ಒಂದು ಮಾಡಿದರು. ಸಂಸತ್ತಿಗೆ ಆ ಅಧಿಕಾರವಿದೆ, ಆಡಳಿತದ ಖರ್ಚು ಉಳಿಯುತ್ತದೆ ಎಂಬ ಕಾರಣವನ್ನೂ ಕೊಟ್ಟರು. ಒಮ್ಮೆ ಚೀಟಿ ಕೊಟ್ಟು ಕೇಳಿದ ಜನರನ್ನು ಈ ಸಲವೂ ಕೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ.